ಎಮ್ಮೆ ಇಳಿಯದ ಕೆರೆ

ಮುತ್ತಿನಕೊಪ್ಪದ ಪಂಚಾಯ್ತಿ ವಾಟರ್‌ಮನ್ ಕಲ್ಲೇಶಪ್ಪನಿಗೆ ಅರೆಬರೆ ಕೆಲಸ ಅಂದರೆ ಆಗುತ್ತಿರಲಿಲ್ಲ. ನಲ್ಲಿ ನಿಲ್ಲಿಸಿದ ಮೇಲೆ ಕೊಡ ಹಿಡಿದು ಓಡಿಬಂದವಳು ಸ್ವಂತ ಹೆಂಡತಿಯಾದರೂ ಬರಿಗೊಡದಲ್ಲೇ ವಾಪಸು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾವೆಲ್ಲ ಬೈದುಕೊಂಡಿದ್ದೇವೆ. ಹಾಗಂತ ಕೆಟ್ಟವನಲ್ಲ. ಎಲ್ಲಾದರೂ ಪೈಪು ಒಡೆಯಿತೆಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. ಒಳ್ಳೆಯವರು ಹಠಕ್ಕೆ ಬಿದ್ದರೆ ತಡೆಯುವುದು ಕಷ್ಟ, ಯಾಕೆಂದರೆ ಅವರಿಗೆ ತಮ್ಮ ಮೇಲೆ ಅನುಮಾನವೇ ಬರುವುದಿಲ್ಲ. ಕಲ್ಲೇಶಪ್ಪನ ವಿಷಯದಲ್ಲಿ ಆದದ್ದೂ ಅದೇ.

೨೦೦೪ರ ದೀಪಾವಳಿ ಕಳೆದ ಮೇಲೆ ಬೀಜ ಬ್ಯಾಂಕಿನವರ ಜೀಪೊಂದು ಊರಿಗೆ ಬಂತು. ಭತ್ತದ ಕಾಡು ನೆಂಟರನ್ನು ಹುಡುಕುತ್ತಿದ್ದೇವೆ ಎಂದಳು ಅದರಿಂದ ಇಳಿದ ಮೇಘನ ಎಂಬ ಹುಡುಗಿ. ಭತ್ತಕ್ಕೂ ನೆಂಟರಿಷ್ಟರೇ ಎಂದು ನಾವು ನಕ್ಕೆವು. ಅವಳು ಸೀದಾ ಊರ ಹಿಂದಿನ ಸಣ್ಣ ಕೆರೆಗೆ ಇಳಿದು, ನಾವು ಬರೀ ಹುಲ್ಲು ಅಂದುಕೊಂಡಿದ್ದನ್ನು ಎತ್ತಿ ತೋರಿಸಿದಳು. ಬೆರಳುದ್ದ ಮೀಸೆಯ ತೆನೆ, ಒಳಗೆ ಕೆಂಪು ಅಕ್ಕಿ, ಮುಟ್ಟಿದರೆ ಸಾಕು ಉದುರುವ ಕಾಳು. ಗದ್ದೆಯ ಭತ್ತವನ್ನು ಬೆಂಕಿರೋಗ ಸುಟ್ಟುಹಾಕಿದರೂ ಇಂಥದ್ದು ತಡೆದು ನಿಲ್ಲಬಹುದಂತೆ. ಆ ಗುಣವನ್ನು ಮುಂದೊಂದು ದಿನ ನಮ್ಮ ಭತ್ತಕ್ಕೆ ತರಬೇಕಾದರೆ ಈಗಲೇ ಬೀಜವನ್ನು ಒಣಗಿಸಿ ತಣ್ಣನೆಯ ಕೋಣೆಯಲ್ಲಿ ಕಾಪಾಡಬೇಕಂತೆ. ಆದರೆ ಕಾಳು ಆಗಲೇ ಉದುರಿಹೋಗಿತ್ತು, ಉಳಿದ ತೆನೆಯನ್ನು ನಮ್ಮೂರ ಗುಡ್ಡಮ್ಮನ ಎಮ್ಮೆಗಳು ಮೇಯ್ದಿದ್ದವು. ಮೇಘನಳಿಗೆ ಸಿಕ್ಕಿದ್ದು ಒಂದು ಮುಷ್ಟಿ.

"ಇಷ್ಟು ಸಾಲಲ್ಲ, ನಾನು ಮತ್ತೆ ಬರ್ತೀನಿ. ತೆನೆ ಬರೋ ಹೊತ್ತಲ್ಲಿ ಒಂದು ತಿಂಗಳು ಎಮ್ಮೆ ಇಳಿಯದ ಹಾಗೆ ಯಾರಾದ್ರೂ ನೋಡ್ಕೊಂಡ್ರೆ ಸಾಕು" ಎಂದಳು.

"ಯಾರಾದ್ರೂ ಎಂತಕ್ಕೆ ಮೇಡಂ? ನಾ ಇಲ್ವಾ?" ಎಂದ ಕಲ್ಲೇಶಪ್ಪ.

ಒಂದು ತಿಂಗಳು ಎಂದದ್ದು ಅವನಿಗೆ ಕೇಳಿಸಲಿಲ್ಲ ಎಂದಲ್ಲ. ತಿಂಗಳು ಕಾದರೇ ಒಳ್ಳೆಯದಾದರೆ ವರ್ಷವಿಡೀ ಕಾದರೆ ಇನ್ನೆಷ್ಟು ಒಳ್ಳೆಯದು ಎಂಬುದು ಅವನ ಯೋಚನೆ. ಕೆರೆಯ ಸುತ್ತ ಗೂಟ ಹೊಡೆದು ಮುಳ್ಳುತಂತಿ ಬಿಗಿದ.

ಗುಡ್ಡಮ್ಮ ಗಂಡ ಹೋದ ಮೇಲೆ ಮೂರು ಎಮ್ಮೆ ಕಟ್ಟಿಕೊಂಡು, ಹಾಲು ಹಾಕಿ ಬದುಕುತ್ತಿದ್ದ ಹೆಂಗಸು. ಆ ಎಮ್ಮೆಗಳಿಗೆ ಬಿಸಿಲೇರಿದ ಮೇಲೆ ಆ ಕೆರೆಯೇ ಮನೆ.

"ಎಂತ ಮಾರಾಯ ಇದು? ನಮ್ಮತ್ತೆ ಕಾಲದಿಂದ ಎಮ್ಮೆ ಇಳೀತಿದ್ದ ಕೆರೆ. ಈಗ ನಾ ಎಲ್ಲಿಗೆ ಹೊಡ್ಕಂಡು ಹೋಗ್ಲಿ?"

"ಹಿನ್ನೀರಿಗೆ ಹೊಡ್ಕಂಡು ಹೋಗು. ಇದು ದೇಶದ ಕೆಲ್ಸ ಗುಡ್ಡಮ್ಮ, ನಿಂಗೆ ಗೊತ್ತಾಗಲ್ಲ."

ಡ್ಯಾಮಿನ ಹಿನ್ನೀರು ದೂರ, ಅವಳ ಮಂಡಿಯಲ್ಲಿ ಶಕ್ತಿಯಿಲ್ಲ. ಎಮ್ಮೆಗಳಿಗಂತೂ ದೇಶದ ಕೆಲಸ ಅರ್ಥವಾಗಲಿಲ್ಲ, ಬೇಲಿ ಮುರಿದು ಇಳಿದವು. ಕಲ್ಲೇಶಪ್ಪ ಅವನ್ನು ತಾನೇ ಅಟ್ಟಿಕೊಂಡು ಹೋಗಿ ಪಂಚಾಯ್ತಿ ದೊಡ್ಡಿಗೆ ಕೂಡಿದ. ಗುಡ್ಡಮ್ಮ ದಂಡ ಕಟ್ಟಿ ಬಿಡಿಸಿಕೊಂಡಳು. ಮತ್ತೆ ಇಳಿದವು, ಮತ್ತೆ ಕೂಡಿದ. ಈ ಸಲ ದಂಡಕ್ಕೆ ಕಾಸಿಲ್ಲದೆ ಅವಳು ಎಮ್ಮೆ ವ್ಯಾಪಾರಿಯನ್ನು ಕರೆದುಕೊಂಡೇ ದೊಡ್ಡಿಗೆ ಬಂದಳು. ಕೊನೆಯ ಎಮ್ಮೆ ಲಾರಿ ಹತ್ತಲು ಹಠ ಮಾಡಿದಾಗ ಹಿಂದಿನಿಂದ ತಳ್ಳಿದವನು ಕಲ್ಲೇಶಪ್ಪನೇ. ಅವನು ಅದನ್ನು ಉಪಕಾರ ಎಂದುಕೊಂಡಿದ್ದ. ನಾವು ಹತ್ತಾರು ಜನ ಅಲ್ಲೇ ನಿಂತು ನೋಡಿದೆವು.

ಮೇಘನ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಕಲ್ಲೇಶಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅವಳನ್ನು ಕೆರೆಗೆ ಕರೆದೊಯ್ದ. ಕೆರೆಯ ತುಂಬ ಆಳೆತ್ತರದ ಜೊಂಡು. ಅವಳು ಬೇಲಿಯ ಸುತ್ತ ಹುಡುಕಿದಳು, ಒಳಗಿಳಿದು ಜೊಂಡು ಸರಿಸಿ ಹುಡುಕಿದಳು. ಒಂದು ತೆನೆಯೂ ಸಿಗಲಿಲ್ಲ.

"ಎಮ್ಮೆ ಇಳೀತಾ ಇರ್ಲಿಲ್ವಾ?"

"ಎರಡು ವರ್ಷದಿಂದ ಒಂದನ್ನೂ ಬಿಟ್ಟಿಲ್ಲ ಮೇಡಂ!"

ಅವಳು ಏರಿಯ ಮೇಲೆ ಕುಳಿತುಬಿಟ್ಟಳು. "ನಾನು ಒಂದು ತಿಂಗಳು ಅಂದಿದ್ದೆ. ಎಮ್ಮೆ ತುಳಿದ್ರೇ ಜೊಂಡು ಹದ್ದುಬಸ್ತಲ್ಲಿರೋದು. ಕೆಸರು ಕದಡಿದ್ರೇ ಆ ಬೀಜ ಹುಟ್ಟೋದು" ಎಂದಳು. ಬೈಯಲಿಲ್ಲ. ಬ್ಯಾಂಕಿನಲ್ಲಿರುವ ಮುಷ್ಟಿ ಬೀಜವನ್ನೇ ಬೆಳೆಸಿ, ಹೆಚ್ಚಾದ ಮೇಲೆ ಸ್ವಲ್ಪ ಇಲ್ಲಿಗೆ ಕಳಿಸುತ್ತೇನೆ, ಆದರೆ ಎಮ್ಮೆ ಇಲ್ಲದೆ ಬಿತ್ತಿ ಉಪಯೋಗವಿಲ್ಲ ಎಂದು ಹೇಳಿ ಹೋದಳು.

ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆವು. ಕಲ್ಲೇಶಪ್ಪನ ಬೇಲಿ ಮೇಯುವವರನ್ನು ತಡೆದೇ ಕೆರೆ ಕೆಡಿಸಿತ್ತು. ನಾವು ಅವನ ಎದುರಿಗೇ ಹಾಗೆಂದು ನಕ್ಕೆವು. ಮರುದಿನ ಅವನು ನಲ್ಲಿ ಬಿಡುವುದನ್ನೇ ಮರೆತ. ಆಗ ನಮಗೂ ನಗು ನಿಂತಿತು.

ಸಂಜೆ ಅವನು ಗುಡ್ಡಮ್ಮನ ಮನೆಗೆ ಹೋದ. ಅವಳು ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮತ್ತೆ ಎಮ್ಮೆ ಕಟ್ಟು, ಕೆರೆಗೆ ಬಿಡು ಎಂದು ಕೇಳಲು ಹೋದವನು ಜಗಲಿಯ ತುದಿಯಲ್ಲಿ ಕುಳಿತ. ಅವಳೇ ಕೇಳಿದಳು.

"ಆ ಮೇಡಂ ಬಂದಿದ್ರಂತೆ. ಹುಲ್ಲು ಉಳೀತಾ ಕಲ್ಲೇಶಪ್ಪ?"

"ಹೂಂ... ಉಳೀತು."

"ಹಂಗಾರೆ ಸರಿ ಬಿಡು. ನನ್ನೆಮ್ಮೆ ಹೋಗಿದ್ದು ದಂಡ ಆಗ್ಲಿಲ್ಲ."

ಅವನು ಎದ್ದು ಅಂಗಳ ದಾಟಿ ಬೀದಿಯವರೆಗೆ ಹೋದ. ತಿರುಗಿ ಬಂದು, "ಸುಳ್ಳು ಹೇಳ್ದೆ ಗುಡ್ಡಮ್ಮ. ಉಳೀಲಿಲ್ಲ. ನಿನ್ನೆಮ್ಮೆ ಇಳೀತಿದ್ದಕ್ಕೇ ಅದು ಬದುಕಿತ್ತಂತೆ. ಎರಡೂ ನನ್ನಿಂದ್ಲೇ ಹೋಯ್ತು" ಎಂದು ಮಗುವಿನ ಹಾಗೆ ಅತ್ತ.

ಗುಡ್ಡಮ್ಮ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದಳು. ಎಣ್ಣೆ ಬಟ್ಟಲು ಎತ್ತಿಕೊಂಡು, "ನಂಗಿನ್ನು ಎಮ್ಮೆ ಕಾಯಕ್ಕೆ ಆಗಲ್ಲ. ನೀನೇ ಕಟ್ಟು, ನೀನೇ ಕಾಯಿ" ಎಂದು ಒಳಗೆ ಹೋದಳು.

ಅವನು ಬೇಲಿ ಕಿತ್ತು, ಎರಡು ಎಮ್ಮೆ ತಂದ. ಮುಂದಿನ ವರ್ಷ ಮೇಘನ ಕಳಿಸಿದ ಬೀಜ ಕೆಸರು ಸೇರಿತು. ತೆನೆಯ ತಿಂಗಳೊಂದು ಬಿಟ್ಟು ಉಳಿದೆಲ್ಲ ದಿನ ವಾಟರ್‌ಮನ್ ಕಲ್ಲೇಶಪ್ಪ ಕೆರೆಯ ಏರಿಯ ಮೇಲೆ ಎಮ್ಮೆ ಕಾಯುತ್ತಾ ಕೂರುತ್ತಾನೆ. ಹುಲ್ಲು ಮತ್ತೆ ಬಂದಿದೆ, ಬೀಜವೂ ಬ್ಯಾಂಕು ಸೇರಿದೆ. ಮೊದಲ ತೆನೆ ಕಂಡ ದಿನ ಅದನ್ನು ಹೇಳಲು ಅವನು ಗುಡ್ಡಮ್ಮನ ಮನೆಗೆ ಓಡಿದ್ದ. ಅವಳು ಆಯ್ತು ಎಂದಳಂತೆ, ಅಷ್ಟೆ.

ಬೆಳಿಗ್ಗೆ ಕರೆದ ಮೊದಲ ಹಾಲನ್ನು ಅವನು ಅವಳ ಮನೆಗೇ ಒಯ್ಯುತ್ತಾನೆ. ಅವಳು ಪಾತ್ರೆ ಹಿಡಿಯುತ್ತಾಳೆ, ಬೇಡ ಅನ್ನುವುದಿಲ್ಲ. ಆದರೆ ಒಳಗೆ ಬಾ, ಕೂರು ಎಂದು ಇದುವರೆಗೆ ಒಂದು ದಿನವೂ ಕರೆದಿಲ್ಲ. ಅವನೂ ಹೊಸ್ತಿಲ ಆಚೆಯೇ ನಿಂತು ಹಾಲು ಹೊಯ್ದು ಬರುತ್ತಾನೆ.