ಜಾಂಬೋಟಿಯ ಕೆಸರಿಗೆ ಕೊಟ್ಟ ಹಣ

ಎರಡು ಸಾವಿರ ರೂಪಾಯಿ ಕೊಟ್ಟೆ. ಬೆಳಗಾವಿಯ ನನ್ನ ಅಂಗಡಿ ಬಿಟ್ಟು ಬೇರೇನೂ ಕಲಿತಿಲ್ಲವೆಂಬ ಸಂಕಟಕ್ಕೆ, ಜಾಂಬೋಟಿಯಲ್ಲಿ ಪ್ರವಾಸಿಗರ ಕೈಯಿಂದಲೇ ಭತ್ತದ ನಾಟಿ ಮಾಡಿಸುವ ಪ್ರವಾಸಕ್ಕೆ ಹೊರಟಿದ್ದೆ. ನಾವು ಪ್ರವಾಸಿಗರು ಸಸಿಗಳನ್ನೆಲ್ಲ ತುಳಿದು ಹಾಳುಮಾಡಿದೆವು.

ಗದ್ದೆಯ ಒಡತಿ ಸಿಡಿದಳು: “ನಾವು ಪಗಾರ ಕೊಟ್ಟ ಮಾಡಸೂ ಕೆಲಸಾನ ನೀವು ರೊಕ್ಕಾ ಕೊಟ್ಟ ಕೆಡಸ್ತೀರಲ್ರೀ! ನಾಳೆ ಮತ್ತ ಹಚ್ಚೋರು ಯಾರು, ನಿಮ್ಮಪ್ಪನೇನು?”

ಪ್ರವಾಸ ನಡೆಸುವವನು ಅವಳಿಗೆ ಕೊಟ್ಟದ್ದು ಬರೀ ಚಹಾ ಎಂದು ತಿಳಿದು ಮೈ ಉರಿಯಿತು. ಹುಟ್ಟಿದಾಗಿನಿಂದ ನನ್ನ ಲಾಭಕ್ಕಷ್ಟೇ ಚೌಕಾಶಿ ಮಾಡಿದವನು, ಅಂದು ಮೊದಲ ಸಲ ಇನ್ನೊಬ್ಬರಿಗಾಗಿ ಕೂಗಾಡಿದೆ.

“ಸಸಿದು, ಆಳಿಂದು ರೊಕ್ಕಾ ಈಗ ಕೊಡು. ಇಲ್ಲಂದ್ರ ನಿನ್ನ ಗಾಡಿ ಮುಂದ ಮಲಗತೀನಿ!”

ಗೊಣಗುತ್ತ ಕೊಟ್ಟ.

ನೀವೂ ಹೋಗಿ, ಹೋಗಲೇಬೇಕು. ಆದರೆ ಹಣ ಕಟ್ಟುವ ಮೊದಲು ಗದ್ದೆಯವರಿಗೆ ಎಷ್ಟು ಸಿಗುತ್ತದೆಂದು ಗದ್ದೆಯವರನ್ನೇ ಕೇಳಿ.