ಗುಂಡಿನ ಬೆಲ್ಟು ಹೊಲಿದವಳು

ನನ್ನ ಗಂಡನ ಬಂದೂಕಿಗೆ ಬಟ್ಟೆ ಹೊಲಿದವಳು ನಾನು. ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಬಂದೂಕಿಗೂ ಮೈ ಮುಚ್ಚಲು ಚೀಲ ಬೇಕು, ಹೆಗಲಿಗೆ ತೂಗುಹಾಕಲು ಪಟ್ಟಿ ಬೇಕು, ಗುಂಡುಗಳನ್ನು ಸಾಲಾಗಿ ಸಿಕ್ಕಿಸಿಕೊಳ್ಳಲು ಎದೆಗೆ ಅಡ್ಡ ಬರುವ ಬೆಲ್ಟು ಬೇಕು. ಅಂಗಡಿಯಲ್ಲಿ ಸಿಗುವ ಯಾವುದೂ ಅವರ ಮನಸ್ಸಿಗೆ ಬರುತ್ತಿರಲಿಲ್ಲ. ನಾನೋ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕ್‌ಗಳು ಸ್ಪ್ಯಾನರ್ ಇಟ್ಟುಕೊಳ್ಳುವ ಚೀಲಗಳನ್ನು ಹೊಲಿಯುವವಳು. ದಪ್ಪ ಕ್ಯಾನ್ವಾಸು, ನೈಲಾನ್ ದಾರ, ಬಕಲ್ಲುಗಳ ಜೊತೆಗೇ ನನ್ನ ದಿನ ಕಳೆಯುವುದು. ಹಾಗಾಗಿ ಆ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಅವರು ಬಾಗಲಕೋಟೆ ಕಡೆಯವರು. ಸೈನ್ಯದಿಂದ ನಿವೃತ್ತರಾದ ಮೇಲೆ ಲೈಸೆನ್ಸ್ ಮಾಡಿಸಿ ಒಂದು ಜೋಡುನಳಿಗೆಯ ಬಂದೂಕು ತೆಗೆದುಕೊಂಡರು. ಸ್ವಂತ ಬಂದೂಕು ಇರುವವರನ್ನು ಸೆಕ್ಯೂರಿಟಿ ಏಜೆನ್ಸಿಗಳು ಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ಎಟಿಎಂಗಳಿಗೆ ಹಣ ತುಂಬುವ ವ್ಯಾನಿನಲ್ಲಿ ಗನ್‌ಮ್ಯಾನ್ ಆದರು. ಕಾಡುಗೋಡಿ, ವೈಟ್‌ಫೀಲ್ಡ್ ಎಂದು ದಿನವೆಲ್ಲ ಸುತ್ತಿ, ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಗೆ ಬಂದು ಮೊದಲು ಬಂದೂಕು ಒರೆಸುತ್ತಿದ್ದರು, ಆಮೇಲೆ ಮುಖ ತೊಳೆಯುತ್ತಿದ್ದರು. ನನ್ನ ಮುಖ ನೋಡುತ್ತಿದ್ದದ್ದು ಮೂರನೆಯದಾಗಿ. ಇದನ್ನು ನಾನು ಎಷ್ಟು ಸಲ ಆಡಿ ತೋರಿಸಿದ್ದೇನೋ ಲೆಕ್ಕವಿಲ್ಲ.

ಮೊದಲು ಹೊಲಿದದ್ದು ಚರ್ಮದ ಬೆಲ್ಟು. ನೋಡಲು ಬಲು ಚೆಂದವಿತ್ತು. ಮಳೆಗಾಲ ಕಳೆಯುವುದರೊಳಗೆ ಗುಂಡುಗಳ ಹಿತ್ತಾಳೆಯ ಬುಡಕ್ಕೆಲ್ಲ ಹಸಿರು ಕಿಲುಬು ಹಿಡಿಯಿತು. ಅವರು ಕಿಲುಬು ಉಜ್ಜಲೆಂದು ಹುಣಸೆಹಣ್ಣು ತರಲು ಅಡುಗೆಮನೆಗೆ ಹೊರಟಾಗ ನಾನೇ ತಡೆದೆ. ಆಮೇಲೆ ಕ್ಯಾನ್ವಾಸಿನದು ಹೊಲಿದೆ. ಪ್ರತಿ ಗುಂಡಿಗೂ ಒಂದೊಂದು ಎಲಾಸ್ಟಿಕ್ ಕುಣಿಕೆ, ಎಳೆದರೆ ಮಾತ್ರ ಬರಬೇಕು, ಬಗ್ಗಿದರೆ ಬೀಳಬಾರದು. ಅದನ್ನು ಹಾಕಿಕೊಂಡು ಅವರು ಕನ್ನಡಿಯ ಮುಂದೆ ನಿಂತು, "ಚಲೋ ಆಗೇತಿ" ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಅದು ಹಾರ ತುರಾಯಿಗೆ ಸಮ.

ಆಯುಧಪೂಜೆಯ ದಿನ ಪೀಣ್ಯದ ಲೇತು, ಡ್ರಿಲ್ಲಿಂಗ್ ಮಷೀನುಗಳಿಗೆಲ್ಲ ಕುಂಕುಮ ಬಿದ್ದರೆ ನಮ್ಮನೆಯಲ್ಲಿ ಬಂದೂಕಿಗೆ ಮೂರು ಬೆರಳಿನ ವಿಭೂತಿ. ಪ್ರಸಾದಕ್ಕೆ ಬಂದ ಮನೆ ಓನರ್ ಹೆಂಡತಿ ಪ್ರತಿ ವರ್ಷ ಅದೇ ಮಾತು ಹೇಳುತ್ತಿದ್ದರು: "ನಿಮ್ಮನೇಲಿ ಬಂದೂಕಿದೆ ಅಂತ ಗೊತ್ತಾದ್ರೆ ಕಳ್ರು ಈ ರೋಡಿಗೇ ಬರಲ್ಲ ಬಿಡಿ." ನನಗೂ ಆಗ ಹೆಮ್ಮೆಯೇ ಆಗುತ್ತಿತ್ತು.

ಒಮ್ಮೆ ಅವರ ಜೊತೆ ಬಂದೂಕಿನ ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಪಿಸ್ತೂಲು ಸಿಕ್ಕಿಸಿಕೊಳ್ಳುವ ಸೊಂಟದ ಚೀಲಗಳು, ಶೂಟಿಂಗ್ ಆಡುವವರ ಕನ್ನಡಕ, ಕಿವಿಗೆ ಹಾಕುವ ಮುಚ್ಚಳ. ವೈಟ್‌ಫೀಲ್ಡ್ ಕಡೆಯವರೊಬ್ಬರು ಮಂಚದ ಪಕ್ಕಕ್ಕೆ ಕಟ್ಟುವಂಥ ಪಿಸ್ತೂಲಿನ ಚೀಲ ಕೇಳುತ್ತಿದ್ದರು. "ಹೋಂ ಡಿಫೆನ್ಸ್‌ಗೆ ಇದೇ ಬೆಸ್ಟ್ ಸಾರ್, ಮಲಗಿದ್ದಲ್ಲೇ ಕೈಗೆ ಸಿಗುತ್ತೆ" ಎಂದು ಅಂಗಡಿಯವರು ಹೊಗಳುತ್ತಿದ್ದರು. ನಾನು ಹೊಲಿಗೆಯನ್ನಷ್ಟೇ ನೋಡಿದೆ. ಅಂಚು ಸರಿಯಾಗಿ ಮಡಿಸಿರಲಿಲ್ಲ. ಮಲಗಿದ್ದಲ್ಲೇ ಕೈಗೆ ಸಿಗುತ್ತೆ ಎನ್ನುವ ಮಾತು ಆಗ ನನ್ನನ್ನು ಒಂದಿಷ್ಟೂ ಹೆದರಿಸಲಿಲ್ಲ.

ಆಮೇಲೆ ಜನ ತರಕಾರಿ ಗಾಡಿಯಲ್ಲೂ ಫೋನು ತೋರಿಸಿ ದುಡ್ಡು ಕೊಡುವಂತಾಯಿತು. ಎಟಿಎಂಗಳು ಒಂದೊಂದಾಗಿ ಮುಚ್ಚಿದವು, ವ್ಯಾನುಗಳು ಕಡಿಮೆಯಾದವು. ವಯಸ್ಸಾದವರನ್ನು ಮೊದಲು ಬಿಡಿಸಿದರು. ಇವರು ಮನೆಗೆ ಬಂದು ಕುಳಿತರು.

ಕುಳಿತರು ಎಂದರೆ ಕುಳಿತೇ ಬಿಟ್ಟರು. ನಾನು ಕೆಲಸಕ್ಕೆ ಹೊರಡುವಾಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬರುವಾಗಲೂ ಅದೇ ಕುರ್ಚಿಯಲ್ಲಿ. ಊಟ ಬಡಿಸಿದರೆ ಉಂಡರು, ಇಲ್ಲದಿದ್ದರೆ ಇಲ್ಲ. ಬಂದೂಕನ್ನು ಮಾತ್ರ ದಿನವೂ ಹೊರಗೆ ತೆಗೆದು ಎಣ್ಣೆ ಹಾಕಿ ಒರೆಸುತ್ತಿದ್ದರು, ಎಲ್ಲಿಗೂ ಒಯ್ಯದ ಬಂದೂಕನ್ನು. ಅತ್ತಿಬೆಲೆಯಲ್ಲಿರುವ ಮಗಳು ಫೋನಿನಲ್ಲಿ "ಅಪ್ಪ ಹೇಗಿದಾರಮ್ಮ?" ಎಂದರೆ "ಚೆನ್ನಾಗಿದಾರೆ ಕಣೇ, ಆರಾಮಾಗಿದಾರೆ" ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? ನಿಮ್ಮಪ್ಪ ಮಾತು ಬಿಟ್ಟಿದ್ದಾರೆ ಎಂದರೆ ಯಾವಾಗ ಆಡುತ್ತಿದ್ದರು ಎಂದು ನಕ್ಕುಬಿಡುತ್ತಿದ್ದಳು.

ಒಂದು ದಿನ ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ಅವರು ಬನಿಯನ್ನಿನ ಮೇಲೆ ಗುಂಡಿನ ಬೆಲ್ಟನ್ನು ಹಾಕಿಕೊಂಡು ಕುಳಿತಿದ್ದರು. ಬಂದೂಕು ತೊಡೆಯ ಮೇಲಿತ್ತು. ಕುರ್ಚಿ ಕಿಟಕಿಯ ಕಡೆಗಿರಲಿಲ್ಲ, ಗೋಡೆಯ ಕಡೆ ತಿರುಗಿತ್ತು.

"ಎಲ್ಲಿಗ್ ಹೊರಟ್ರಿ?" ಎಂದೆ.

"ಎಲ್ಲಿಗೂ ಇಲ್ಲ. ಬೆಲ್ಟು ಅಳತಿ ಸರಿ ಐತೇನ ನೋಡಾಕತ್ತಿದ್ದೆ."

ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತಿದ್ದೆ. ಕಿರುಚಬಹುದಿತ್ತು, ಓನರ್ ಹೆಂಡತಿಯನ್ನು ಕೂಗಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ ನನ್ನ ಕಸುಬಿನ ಮಾತು.

"ಕುಣಿಕೆ ಎಲ್ಲಾ ಸಡಿಲ ಆಗ್ಬಿಟ್ಟಿದೆ ಕಣ್ರೀ. ಕೊಡಿ ಇಲ್ಲಿ, ಹೊಲಿದು ಕೊಡ್ತೀನಿ."

ಅವರು ನನ್ನ ಮುಖ ನೋಡಿ, ಬೆಲ್ಟನ್ನು ತಲೆಯ ಮೇಲಿಂದ ತೆಗೆದು ಕೊಟ್ಟರು. ಬಂದೂಕಿನ ಎರಡೂ ನಳಿಗೆ ಖಾಲಿ ಇವೆಯೆಂದು ತೆರೆದು ತೋರಿಸಿ, ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿದರು. ಆ ಪೆಟ್ಟಿಗೆಯ ಕೀಲಿ ಸದಾ ಅವರ ಉಡಿದಾರದಲ್ಲೇ ಇರುತ್ತಿತ್ತು, ಅದು ನನಗೆ ಸಿಗುವಂಥದ್ದಲ್ಲ. ಆದರೆ ಮನೆಯಲ್ಲಿದ್ದ ಗುಂಡುಗಳೆಲ್ಲ ಆ ಬೆಲ್ಟಿನಲ್ಲೇ ಇದ್ದವು. ಬೆಲ್ಟೂ ಗುಂಡೂ ನನ್ನ ಸೀರೆಯ ಟ್ರಂಕು ಸೇರಿದವು.

ದರ್ಜಿಗಳಿಗೆ ಒಂದು ವಿದ್ಯೆ ಗೊತ್ತು, ಹೇಳಿದ ದಿನಕ್ಕೆ ಬಟ್ಟೆ ಕೊಡದಿರುವುದು. ಹಬ್ಬ ಹತ್ತಿರ ಬಂದಾಗ ರವಿಕೆಗೆ ಅಲೆದ ಹೆಂಗಸರೆಲ್ಲರಿಗೂ ಗೊತ್ತಿರುವ ಆ ಹಾಳು ವಿದ್ಯೆಯನ್ನು ನಾನು ನನ್ನ ಗಂಡನ ಮೇಲೆ ಪ್ರಯೋಗಿಸಿದೆ. ಅವರು ದಿನವೂ ಬೆಳಗ್ಗೆ ನಾನು ಹೊರಡುವಾಗ ಕೇಳುತ್ತಿದ್ದರು, "ಬೆಲ್ಟು ಹೊಲದಿಯೇನು?" ನಾಳೆ ಕಣ್ರೀ, ದಾರ ಮುಗಿದಿದೆ. ನಾಳೆ, ಆ ಅಗಲದ ಎಲಾಸ್ಟಿಕ್ ಸಿಗುತ್ತಿಲ್ಲ. ನಾಳೆ, ಮಷೀನಿನ ಸೂಜಿ ಮುರಿದಿದೆ. ದಿನವಿಡೀ ಕ್ಯಾನ್ವಾಸಿನ ರಾಶಿಯ ನಡುವೆ ಕೂರುವವಳಿಗೆ ದಾರ ಸಿಗದೇ ಇರುತ್ತದೆಯೇ? ಅವರು "ಆತು" ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ಕಾರ್ಖಾನೆಯಲ್ಲಿ ನನ್ನ ಕೈ ಚೀಲ ಹೊಲಿಯುತ್ತಿತ್ತು, ಜೀವ ಮನೆಯಲ್ಲಿರುತ್ತಿತ್ತು. ಓನರ್ ಹೆಂಡತಿಗೆ ಏನಾದರೊಂದು ನೆಪ ಹೇಳಿ, ಮಹಡಿಯ ಮೇಲಿನ ನಮ್ಮ ಮನೆಗೊಮ್ಮೆ ಹೋಗಿ ಬರಲು ಫೋನು ಮಾಡುತ್ತಿದ್ದೆ. ಒಳಗೆ ಕುಳಿತವರಿಂದಲೇ ಮನೆಯನ್ನು ಹೇಗೆ ಕಾಯಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಮುಗಿಯುವವರೆಗೆ ಲೈಸೆನ್ಸ್ ಇರುವವರು ಬಂದೂಕನ್ನು ಠಾಣೆಯಲ್ಲಿ ಇಡಬೇಕೆಂಬುದು ನಿಯಮ. ಮೊದಲಾದರೆ ಇದನ್ನು ಕೇಳಿ ಗೊಣಗುತ್ತಿದ್ದವರು ಈ ಸಲ ಸುಮ್ಮನೆ ಎದ್ದು ಹೊರಟರು. ನಾನು ಗುಂಡುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಟ್ಟೆ. ಬೆಲ್ಟು ಎಲ್ಲಿ ಎಂದು ಅವರು ಕೇಳಲಿಲ್ಲ. ಅವರು ಬರಿಗೈಯಲ್ಲಿ ಹಿಂದಿರುಗಿದ ದಿನ ನಾನು ಪಾಯಸ ಮಾಡಿದೆ. ಏನು ವಿಶೇಷ ಎಂದಾಗ ಸೋಮವಾರವಲ್ಲವೇ ಎಂದೆ. ಬರೀ ನಿದ್ದೆಯಲ್ಲೇ ಆ ವಾರಗಳು ಕಳೆದವು ಎನ್ನಬೇಕು, ಅಷ್ಟು ನಿದ್ದೆ ಬಾಕಿಯಿತ್ತು ನನಗೆ.

ಫಲಿತಾಂಶ ಬಂದಮೇಲೆ ಠಾಣೆಯಿಂದ ಫೋನು ಬಂತು, ಬಂದು ತೆಗೆದುಕೊಂಡು ಹೋಗಿ ಎಂದು. ಅದೇ ವಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಚಿನ್ನದ ಸಾಲ ಕೊಡುವ ಕಚೇರಿಯೊಂದಕ್ಕೆ ಬಂದೂಕು ಇರುವ ಗನ್‌ಮ್ಯಾನ್ ಬೇಕೆಂದು ಅವರ ಹಳೆಯ ಸ್ನೇಹಿತರೊಬ್ಬರು ತಿಳಿಸಿದರು. ಬಹಳ ದಿನಗಳ ಮೇಲೆ ಅವರ ಬೆನ್ನು ನೆಟ್ಟಗಾದದ್ದನ್ನು ಕಂಡೆ. ಅದನ್ನು ಕಂಡೂ ನಾನು ಹೇಳಿಬಿಟ್ಟೆ.

"ಅದು ಈ ಮನೆಗೆ ಬರೋದು ಬೇಡ ಕಣ್ರೀ."

"ಅದು ಇಲ್ಲಂದ್ರ ನನ್ನ ಯಾರು ಕರೀತಾರ?"

"ಅವತ್ತು ಗೋಡೆ ಕಡೆ ತಿರುಗಿ ಯಾಕೆ ಕೂತಿದ್ರಿ? ಹೇಳಿ."

ಮರುದಿನ ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ನಡಿ, ನೀನೂ ಬಾ" ಎಂದರು. ಬಂದೂಕು ತರಲು ಹೊರಟಿದ್ದಾರೆಂದುಕೊಂಡೆ. ರಜೆ ಹೇಳಿ ಹಿಂದೆಯೇ ಹೋದೆ. ಅವರ ಕೆಲಸಕ್ಕೆ ಅಡ್ಡ ಬರುತ್ತಿರುವ ಪಾಪವೂ ನನ್ನದೇ, ನಾಳೆ ಏನಾದರೂ ಆದರೆ ಅದೂ ನನ್ನದೇ ಅನ್ನಿಸುತ್ತಿತ್ತು.

ಠಾಣೆಯಲ್ಲಿ ಇನ್ನೂ ಮೂರು ನಾಲ್ಕು ಜನ ತಮ್ಮ ಬಂದೂಕಿಗಾಗಿ ಕಾಯುತ್ತಿದ್ದರು. ಸರದಿ ಬಂದಾಗ ಇವರು, "ನನಗ ವಾಪಸ್ ಬ್ಯಾಡ್ರಿ. ಲೈಸೆನ್ಸೂ ಬಿಡತೀನಿ" ಎಂದರು. ನನಗೆ ನನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಪೆನ್ನು ಹಿಡಿದು, "ಅರ್ಜಿ ಕೊಡಬೇಕಾಗುತ್ತೆ ಸಾರ್, ಮೇಲಕ್ಕೆ ಕಳಿಸ್ತೀವಿ. ಕಾರಣ ಏನಂತ ಬರೀಲಿ?" ಎಂದು ಕೇಳಿದರು.

"ವಯಸ್ಸಾಯ್ತು ಅಂತ ಬರೀರಿ ಸಾರ್," ಎಂದು ನಾನು ಬಾಯಿ ಹಾಕಿದೆ.

"ಬ್ಯಾಡ," ಎಂದರು ಇವರು. "ಖರೇದ್ದ ಬರೀರಿ. ಅದು ಮನ್ಯಾಗಿದ್ರ ನನಗ ನನ್ನ ಮ್ಯಾಲ ನಂಬಿಕಿ ಇಲ್ರಿ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟು, ಎದ್ದು ತಮ್ಮದೇ ಕುರ್ಚಿಯನ್ನು ಸರಿಸಿ, "ಕೂತ್ಕೊಳಿ ಸಾರ್ ಮೊದ್ಲು" ಎಂದರು. ಟೀ ತರಿಸಿದರು. ತಮ್ಮ ಪರಿಚಯದ ಒಬ್ಬ ಡಾಕ್ಟರ ಹೆಸರನ್ನು ನನಗೆ ಬರೆದುಕೊಟ್ಟರು. ಅರ್ಜಿಯಲ್ಲಿ ಕೊನೆಗೆ ವಯಸ್ಸು ಎಂದೇ ಬರೆದರು.

ಬಸ್ ಸ್ಟಾಪಿನಲ್ಲಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಸಂತೋಷವೂ ಇತ್ತು, ಆ ಮಾತನ್ನು ಅವರು ಅಷ್ಟು ಜನರ ಮುಂದೆ ಹೇಳಬೇಕಾಯಿತಲ್ಲ ಎಂಬ ಸಂಕಟವೂ ಇತ್ತು. ಅವರು ಪಕ್ಕದಲ್ಲಿ ಕುಳಿತು ರಸ್ತೆಯನ್ನು ನೋಡುತ್ತಿದ್ದರು. ಎರಡು ಬಸ್ಸು ಬಂದು ಹೋದರೂ ನಾವು ಏಳಲಿಲ್ಲ.

"ಬೆಲ್ಟು ಸಡ್ಲ ಆಗಿರ್ಲಿಲ್ಲ," ಎಂದರು. "ನನಗ ಗೊತ್ತಿತ್ತು."

"ಗೊತ್ತಿದ್ದೂ ದಿನಾ ಯಾಕ್ರೀ ಕೇಳ್ತಿದ್ರಿ?"

"ನೀ ನಾಳೆ ಅಂತಿದ್ದಿ," ಎಂದರು. "ಅದನ್ನ ಕೇಳಾಕ."