ಉಪವಾಸದಲ್ಲಿ ಉಂಡ ಹೋಳಿಗೆ

ಆಗ ನಮ್ಮೂರಲ್ಲಿ ಯುಗಾದಿ ಸಮೀಪಿಸಿತೆಂದರೆ ಎಲ್ಲರ ಮನೆಯಲ್ಲೂ ಬೆಲ್ಲ ಕುದಿಯುವ ವಾಸನೆ, ನಮ್ಮ ಮನೆಯಲ್ಲಿ ಮಾತ್ರ ಬರೀ ಸಜ್ಜಿರೊಟ್ಟಿ, ಪುಂಡಿಪಲ್ಯ. ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳ ಉಪವಾಸದ ಕಾಲ ಹೆಚ್ಚುಕಡಿಮೆ ಪ್ರತಿ ವರ್ಷ ಯುಗಾದಿಯನ್ನು ನುಂಗಿಕೊಂಡೇ ಬರುತ್ತಿತ್ತು. ಕುಷ್ಟಗಿಯಿಂದ ಹನುಮಸಾಗರದ ಕಡೆ ಹೋಗುವಾಗ ಸಿಗುವ ಸಣ್ಣ ಊರು ಅದು. ಕ್ರೈಸ್ತರ ಮನೆಗಳು ಆರೇ ಇದ್ದವು.

ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸು. ಊರಿಗೆಲ್ಲ ಅವಳು ನರ್ಸಬಾಯಿ. ಅಪ್ಪನಿಗೆ ಕೊಪ್ಪಳದಲ್ಲಿ ಕೆಲಸ, ಶನಿವಾರ ಬರುತ್ತಿದ್ದ. ಆ ನಲವತ್ತು ದಿನ ಅವ್ವ ಹೂ ಮುಡಿಯುತ್ತಿರಲಿಲ್ಲ, ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ಒಂದು ಹನಿ ನೀರನ್ನೂ ಕುಡಿಯುತ್ತಿರಲಿಲ್ಲ. ಪ್ರಾರ್ಥನೆ ದಿನಕ್ಕೊಂದು ಮನೆಯಲ್ಲಿ. ಚಾಪೆ, ಕಂದೀಲು, ಕೊನೆಯಲ್ಲಿ ಎಲ್ಲರಿಗೂ ಒಂದು ಬೊಗಸೆ ಚುರುಮುರಿ. ಮಕ್ಕಳಾದ ನಾವು ಕಣ್ಣು ಮುಚ್ಚಿದ್ದರೂ ಚುರುಮುರಿಯ ಡಬ್ಬಿ ಎಲ್ಲಿದೆ ಎಂಬುದು ನಮಗೆ ಗೊತ್ತಿರುತ್ತಿತ್ತು.

ನಾನು ಮೂರನೇ ಈಯತ್ತೆಯಲ್ಲಿದ್ದ ವರ್ಷ, ಪಾಸ್ಟರ್ ಅಯ್ಯನವರು ಮಕ್ಕಳೂ ಏನಾದರೊಂದು ಬಿಡಬೇಕು ಎಂದರು. ಒಬ್ಬ ಮೊಟ್ಟೆ ಬಿಟ್ಟ, ಇನ್ನೊಬ್ಬಳು ಸುಳ್ಳು ಹೇಳುವುದನ್ನು ಬಿಟ್ಟಳು. ನಾನು ಎದ್ದು ನಿಂತು, "ಸಿಹಿ ಬಿಡತೀನ್ರಿ" ಎಂದೆ. ಚಹಾ ಸಪ್ಪೆ, ರೊಟ್ಟಿಯ ಜೊತೆ ಬೆಲ್ಲವಿಲ್ಲ. ಒಂದು ವಾರ ಕಷ್ಟವಾಯಿತು. ಆಮೇಲೆ ಹೆಮ್ಮೆ ಶುರುವಾಯಿತು.

ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಗಿರಿಜಮ್ಮನವರ ದೊಡ್ಡ ಮನೆ. ಪ್ರತಿ ಯುಗಾದಿಗೆ ಅವರು ನನ್ನನ್ನು ಕೂಗಿ ಮುತ್ತುಗದೆಲೆಯಲ್ಲಿ ಎರಡು ಹೋಳಿಗೆ ಕೊಡುತ್ತಿದ್ದರು. ನಾನು ಕಟ್ಟೆಯ ಕೆಳಗೆ ನಿಂತು ಲಂಗ ಒಡ್ಡಬೇಕು, ಅವರು ಮೇಲಿನಿಂದ ಹಾಕಬೇಕು. ನಮ್ಮ ತಾತ ಮತ ಬದಲಿಸಿ ಕ್ರೈಸ್ತನಾಗಿದ್ದರೂ ಅವನು ಹುಟ್ಟಿದ ಕೇರಿ ಯಾವುದೆಂಬುದನ್ನು ಊರು ಮರೆತಿರಲಿಲ್ಲ. ಅವ್ವ ಅವರ ಮನೆಗೆ ಸೂಜಿ ಮಾಡಲು ಹೋದಾಗಲೂ ಕಟ್ಟೆಯ ಮೇಲೇ ಕೂರುತ್ತಿದ್ದಳು. ಚಹಾ ಕೊಟ್ಟರೆ ಕುಡಿದು, ಕಪ್ಪು ತಾನೇ ತೊಳೆದು ಮೂಲೆಯಲ್ಲಿ ಬೋರಲು ಹಾಕಿ ಬರುತ್ತಿದ್ದಳು. ಅದು ಹಾಗೇ ಇರುವುದು ಎಂದು ನಾನು ತಿಳಿದಿದ್ದೆ.

ಆ ವರ್ಷ ಯುಗಾದಿಗೆ ಒಂದು ತಿಂಗಳ ಮೊದಲು ಗಿರಿಜಮ್ಮನವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಅಡ್ಡ ತಿರುಗಿತ್ತು, ಕುಷ್ಟಗಿಗೆ ಒಯ್ಯಲು ಗಾಡಿ ಸಿಗಲಿಲ್ಲ. ಅವ್ವ ಹಿತ್ತಲ ಕೋಣೆಯಲ್ಲಿ ಒಂದೂವರೆ ದಿನ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿದಳು.

ಯುಗಾದಿಯ ಮಧ್ಯಾಹ್ನ ನಾನು ಕುಂಟಾಟ ಆಡುತ್ತಿದ್ದಾಗ ಗಿರಿಜಮ್ಮ ಕರೆದರು. ಓಡಿಹೋಗಿ ಎಂದಿನಂತೆ ಲಂಗ ಒಡ್ಡಿದೆ.

"ಅಲ್ಲಿ ಯಾಕ ನಿಂತಿ? ಒಳಗ ಬಾರವ್ವಾ" ಎಂದರು.

ಪಡಸಾಲೆ ದಾಟಿಸಿ, ಅಡಿಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿ ಕೂರಿಸಿದರು. ಹಿತ್ತಾಳೆಯ ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ಬಿಸಿ ತುಪ್ಪ. ಏಲಕ್ಕಿಯ ವಾಸನೆಗೆ ಬಾಯಲ್ಲಿ ನೀರೂರಿತು. ಆದರೂ ತಾಟನ್ನು ಹಿಂದಕ್ಕೆ ಸರಿಸಿ, "ಒಲ್ಲೆರಿ ಅಮ್ಮಾ. ನಮ್ಮದು ಉಪವಾಸ ಐತ್ರಿ. ನಾ ಸಿಹಿ ಬಿಟ್ಟೀನಿ" ಎಂದೆ.

"ಒಂದು ತುತ್ತರ ತಿನ್ನು."

"ಒಲ್ಲೆರಿ."

ಅಡಿಗೆಮನೆಯಿಂದ ಅವರ ಸೊಸೆ, "ನೋಡಿದ್ರೇನ್ರಿ ಅತ್ತಿ, ನೀವು ಕರದ್ರೂ ಅವರು ತಿನ್ನಂಗಿಲ್ಲ" ಎಂದಳು. ಗಿರಿಜಮ್ಮ ತಾಟು ಎತ್ತಿಕೊಂಡರು. ಅವರ ಮುಖ ಸಣ್ಣದಾದದ್ದು ಕಂಡಿತು. ಆದರೆ ನನಗೆ ಸೈತಾನನನ್ನು ಗೆದ್ದ ಖುಷಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬಟ್ಟೆ ಒಗೆಯುತ್ತಿದ್ದಳು. ಕೈ ನಿಂತಿತು.

"ಒಳಗ ಕರದಿದ್ರಾ? ಎಲ್ಲಿತನಕ?"

"ಅಡಗಿಮನಿ ಬಾಗಿಲತನಕ."

"ಯಾರ ತಾಟಿನ್ಯಾಗ ಹಾಕಿದ್ರು?"

"ಅವರ ತಾಟಿನ್ಯಾಗ."

ಅವ್ವ ಬಟ್ಟೆಯನ್ನು ಅಲ್ಲೇ ಬಿಟ್ಟಳು. ಆಮೇಲೆ ಎದ್ದು ಮುಖ ತೊಳೆದು, ಬೇರೆ ಸೀರೆ ಉಟ್ಟು, "ನಡಿ" ಎಂದು ನನ್ನ ಕೈ ಹಿಡಿದಳು.

"ನಾ ದೇವರಿಗೆ ಮಾತು ಕೊಟ್ಟೀನವ್ವಾ."

"ದೇವರಿಗೆ ನಾ ಹೇಳತೀನಿ. ನೀ ನಡಿ."

ಅಷ್ಟು ಬಿರುಸಾಗಿ ಬಂದವಳು ಗಿರಿಜಮ್ಮನವರ ಕಟ್ಟೆಯ ಹತ್ತಿರ ತಾನಾಗಿಯೇ ನಿಂತುಬಿಟ್ಟಳು. ಗಿರಿಜಮ್ಮ ಹೊರಗೆ ಬಂದರು.

"ಹುಡುಗಿ ಸಣ್ಣದು, ತಿಳಿಯಂಗಿಲ್ರಿ ಅಮ್ಮಾರ" ಎಂದಳು ಅವ್ವ. "ಇಬ್ಬರೂ ಹಸದು ಬಂದೀವಿ."

ಗಿರಿಜಮ್ಮ ಒಂದು ಗಳಿಗೆ ಅವ್ವನನ್ನೇ ನೋಡಿದರು. "ಬರ್ರಿ ಬಾಯಾರ" ಎಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಹೊಸ್ತಿಲು ದಾಟುವಾಗಲೂ ಅವ್ವ ನನ್ನ ಕೈ ಬಿಡಲಿಲ್ಲ. ಹೆರಿಗೆಯ ದಿನ ಹಿತ್ತಲ ಬಾಗಿಲಿನಿಂದ ಹೋಗಿದ್ದಳು. ಮುಂಬಾಗಿಲಿನಿಂದ ಇದೇ ಮೊದಲು. ಬೆಳಗಿನಿಂದ ನೀರನ್ನೂ ಕುಡಿಯದವಳು ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಹೋಳಿಗೆ ಮುರಿದಳು. ನಾನೂ ತಿಂದೆ.

"ಇನ್ನೊಂದು ಹಾಕ್ಲೇನ್ರಿ?"

"ಹಾಕ್ರಿ" ಎಂದಳು ಅವ್ವ.

ಉಂಡ ಮೇಲೆ ಅವ್ವ ತಾಟು ಹಿಡಿದು ಬಚ್ಚಲ ಕಡೆ ಹೊರಟಳು. "ಅಲ್ಲೇ ಇಡ್ರಿ ಬಾಯಾರ" ಎಂದರು ಗಿರಿಜಮ್ಮ. ಅವ್ವ ತಾಟನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ ಗಿರಿಜಮ್ಮನವರೇ ಅದನ್ನು ಅವಳ ಕೈಯಿಂದ ತೆಗೆದುಕೊಂಡರು.

ಆ ಸಂಜೆ ಪ್ರಾರ್ಥನೆಯಲ್ಲಿ ಅವ್ವ ಎದ್ದು ಉಪವಾಸ ಮುರಿದದ್ದನ್ನು ಹೇಳಿದಳು. ಹಿರಿಯರೊಬ್ಬರು ಮುಖ ಗಂಟು ಹಾಕಿದರು. ಅಯ್ಯನವರು ಪೂರ್ತಿ ಕೇಳಿ, "ಹೋಳಿಗಿ ಛಲೋ ಆಗಿದ್ವೇನ್ರಿ?" ಎಂದಷ್ಟೇ ಕೇಳಿದರು. "ಭಾಳ ಛಲೋ ಆಗಿದ್ವು" ಎಂದಳು ಅವ್ವ. ಮರುದಿನದಿಂದ ನಾನು ಮತ್ತೆ ಸಿಹಿ ಬಿಟ್ಟೆ, ಈಸ್ಟರ್‌ವರೆಗೂ.

ಈಸ್ಟರ್‌ಗೆ ಅವ್ವ ಶಾವಿಗೆ ಪಾಯಸ ಮಾಡಿ ಒಂದು ಬಟ್ಟಲು ಗಿರಿಜಮ್ಮನವರಿಗೆ ಕಳಿಸಿದಳು. ಅವರು ನನ್ನ ಕೈಯಿಂದಲೇ ತೆಗೆದುಕೊಂಡರು. ತಿಂದರೋ ಇಲ್ಲವೋ ಗೊತ್ತಿಲ್ಲ. "ಅದನ್ನೆಲ್ಲ ಕೇಳಬಾರದು" ಎಂದಿದ್ದಳು ಅವ್ವ.

ಅವರಿಬ್ಬರೂ ಈಗ ಇಲ್ಲ. ನಾನು ಗಂಗಾವತಿಯಲ್ಲಿದ್ದೇನೆ. ಉಪವಾಸದ ಕಾಲದ ಪ್ರಾರ್ಥನೆ ಮೊಬೈಲಿನಲ್ಲೇ ಬರುತ್ತದೆ, ಮನೆಯಿಂದ ಮನೆಗೆ ನಡೆಯುವುದು ನಿಂತಿದೆ. ನನ್ನ ಮಗಳೂ ಈ ಸಲ ಸಿಹಿ ಬಿಟ್ಟಿದ್ದಳು. ಯುಗಾದಿಯ ದಿನ ಓಣಿಯ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ನಮ್ಮನ್ನು ಕಟ್ಟೆಯ ಕೆಳಗೆ ನಿಲ್ಲಿಸುವವರು ಈಗ ಯಾರೂ ಇಲ್ಲ, ಅದು ಒಳ್ಳೆಯದೇ. ಆದರೆ ಅವಳ ಉಪವಾಸ ಒಬ್ಬರಿಗೂ ಗೊತ್ತಾಗದೆ ಮುಗಿಯಿತು. ತಿನ್ನು ಎಂದು ಒತ್ತಾಯ ಮಾಡಲು, ಒಲ್ಲೆ ಎಂದರೆ ನೊಂದುಕೊಳ್ಳಲು, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದೇ ನಮಗೆ ಗೊತ್ತಿಲ್ಲ.